ಕಡಿವಾಣದ ಮುಳ್ಳು

ಬೆಲೆಯೇರಿಕೆಗೆ ಕಡಿವಾಣ, ಭ್ರಷ್ಟಾಚಾರಕ್ಕೆ ಕಡಿವಾಣ ಎಂದು ನಾವು ದಿನವೂ ಓದುತ್ತೇವೆ, ಬರೆಯುತ್ತೇವೆ. ಆ ವಸ್ತುವಿರುವುದು ಒಂದು ಪ್ರಾಣಿಯ ಬಾಯಲ್ಲಿ ಎಂಬುದು ನೆನಪಾಗುವುದು ಅಪರೂಪ. ಕುದುರೆಯ ದವಡೆಹಲ್ಲುಗಳ ಮುಂದೆ ಹಲ್ಲಿಲ್ಲದ ಒಂದು ತೆರವಿದೆ. ಅಲ್ಲಿ ಎಲುಬಿನ ಮೇಲೆ ತೆಳುವಾದ ಒಸಡು ಮಾತ್ರ. ಕಬ್ಬಿಣದ ಸರಳು ಕೂರುವುದು ಆ ತೆರವಿನಲ್ಲಿ, ನಾಲಗೆಯ ಮೇಲೆ ಅಡ್ಡವಾಗಿ. ಅಷ್ಟು ದೊಡ್ಡ ದೇಹ ಇಷ್ಟು ಸಣ್ಣ ಕೈಗೆ ಬಗ್ಗುವುದರ ಗುಟ್ಟು ಅಲ್ಲಿದೆ.

ಕುದುರೆಯ ಪರವಾಗಿ ಮಾತನಾಡಿದ ಪ್ರಾಚೀನರಲ್ಲಿ ಸಾಕ್ರಟೀಸನ ಶಿಷ್ಯನೂ ದಂಡನಾಯಕನೂ ಆಗಿದ್ದ ಕ್ಸೆನೊಫೋನ್ ಮುಖ್ಯನು. ಕ್ರಿ.ಪೂ. 4ನೆಯ ಶತಮಾನದಲ್ಲಿ ಆತ ಬರೆದ ಅಶ್ವಾರೋಹಣದ ಗ್ರಂಥ ಇಂದಿಗೂ ಉಳಿದಿದೆ. ಕೋಪದಲ್ಲಿ ಕುದುರೆಯ ಬಳಿ ಹೋಗಬಾರದು. ಬಲವಂತದಿಂದ ಅದು ಮಾಡಿದ್ದರಲ್ಲಿ ಸೊಬಗಿಲ್ಲ, ನರ್ತಕನನ್ನು ಚಾವಟಿಯಿಂದ ಹೊಡೆದು ಕುಣಿಸಿದಂತೆ ಎಂಬುದು ಆತನ ನಿಲುವು. ಆದರೆ ಅದೇ ಗ್ರಂಥದಲ್ಲಿ, ಸವಾರನ ಬಳಿ ಕನಿಷ್ಠ ಎರಡು ಕಡಿವಾಣಗಳಿರಲಿ ಎಂಬ ಸಲಹೆಯೂ ಇದೆ. ಒಂದು ನಯವಾದುದು, ಇನ್ನೊಂದರಲ್ಲಿ ಚೂಪಾದ ಮೊನೆಗಳು. ಆ ಮೊನೆಗಳಿಗೆ ಗ್ರೀಕರು ಮೈತುಂಬ ಮುಳ್ಳಿರುವ ಸಣ್ಣ ಪ್ರಾಣಿಯೊಂದರ ಹೆಸರನ್ನೇ ಇಟ್ಟಿದ್ದರು. ಒರಟಿನ ರುಚಿ ಕಂಡ ಕುದುರೆ ನಯವಾದುದನ್ನು ಸಂತೋಷದಿಂದ ಸ್ವೀಕರಿಸುತ್ತದೆ ಎಂಬುದು ತರ್ಕ. ಸರ್ಕಾರಿ ಕಚೇರಿಗಳಲ್ಲಿ ಆಯುಷ್ಯ ಸವೆಸುತ್ತಿರುವ ನಮ್ಮಂಥವರಿಗೆ ಈ ತರ್ಕ ಅಪರಿಚಿತವಲ್ಲ. ಕ್ಸೆನೊಫೋನನ ಸೌಮ್ಯತೆ ನಿಜವಾದುದೇ. ಆದರೆ ಅದು ಹಿಂದಿನ ನೋವಿನ ನೆನಪನ್ನು ನೆಚ್ಚಿಕೊಂಡಿತ್ತು.

ರಿಕಾಪು ಇಲ್ಲದ ಕಾಲ, ರಣರಂಗದಲ್ಲಿ ಸವಾರನ ಪ್ರಾಣ ಲಗಾಮಿನಲ್ಲಿತ್ತು ಎಂದು ಆತನ ಪರವಾಗಿ ವಾದಿಸಬಹುದು. ಆದರೆ ಉತ್ತರ ಆಫ್ರಿಕದ ನುಮಿಡಿಯದ ಸವಾರರು ಕಡಿವಾಣವೇ ಇಲ್ಲದೆ ಯುದ್ಧಕ್ಕೆ ಹೋಗುತ್ತಿದ್ದರೆಂದು ರೋಮನ್ ಲೇಖಕರು ಬೆರಗಿನಿಂದ ಬರೆದಿದ್ದಾರೆ. ರೋಮಿನಲ್ಲಿ ಕ್ರಿ.ಶ. 113ರಲ್ಲಿ ನಿಂತ ಟ್ರಾಜನನ ಸ್ತಂಭದ ಮೇಲೆಯೂ ಅಂಥ ಆಫ್ರಿಕದ ಸವಾರರನ್ನು ಕಾಣಬಹುದು. ಅವರ ಕುದುರೆಗಳ ಬಾಯಿ ಬರಿದು.

1877ರಲ್ಲಿ ಪ್ರಕಟವಾದ ಆನಾ ಸ್ಯೂಯೆಲ್ ಅವರ ‘ಬ್ಲ್ಯಾಕ್ ಬ್ಯೂಟಿ’ಯನ್ನು ಇಂಗ್ಲಿಷ್ ಎಂ.ಎ. ಓದಿದ ನಾವು ಮಕ್ಕಳ ಪುಸ್ತಕವೆಂದು ಬದಿಗಿಟ್ಟಿದ್ದೆವು. ಆಕೆ ಅದನ್ನು ಬರೆದದ್ದು ಕುದುರೆಗಳೊಡನೆ ದುಡಿಯುವವರಿಗಾಗಿ. ಶ್ರೀಮಂತರ ಗಾಡಿಯ ಠೀವಿಗೋಸ್ಕರ ಕುದುರೆಯ ತಲೆಯನ್ನು ಮೇಲಕ್ಕೆ ಬಿಗಿದು ಕಟ್ಟುವ ಪಟ್ಟಿಯ ವಿರುದ್ಧ ಅಲ್ಲಿ ಎದ್ದ ಆಕ್ಷೇಪ ವ್ಯರ್ಥವಾಗಲಿಲ್ಲ.

ಮುಳ್ಳಿನ ಕಡಿವಾಣವನ್ನು ನಮ್ಮ ದೇಶದಲ್ಲಿ 1965ರ ಕೇಂದ್ರ ನಿಯಮಗಳೇ ನಿಷೇಧಿಸಿವೆ. ನಿಯಮ, ಅಧಿಸೂಚನೆಗಳ ನಡುವೆಯೇ ಬದುಕುವ ನಾವು ಅದನ್ನು ಓದಿದ್ದು ಮಾತ್ರ ತಡವಾಗಿ, ದೆಹಲಿಯ ಒಂದು ಮದುವೆಯ ನಂತರ. ನಮ್ಮ ಬಳಗದ ಹುಡುಗ, ಪಂಜಾಬಿ ಹುಡುಗಿ. ನಮ್ಮಲ್ಲಿ ಹಲವರ ಮನೆಗಳಲ್ಲಿ ವರ ಕಾಶೀಯಾತ್ರೆಗೂ ಕಾಲ್ನಡೆಯಲ್ಲೇ ಹೊರಡುತ್ತಾನೆ. ಇಲ್ಲಿ ಬಿಳಿಯ ಹೆಣ್ಣುಕುದುರೆ ಬಂದಿತ್ತು. ದಿಬ್ಬಣ ನಿಂತಾಗ ಅದರ ಬಾಯಿಯ ನೊರೆಯ ನಡುವೆ ಮೊನೆಗಳು ಕಂಡವು. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದಿನ ಅದೇ ಮುಳ್ಳು! ಏಕೆಂದು ಕೇಳಿದೆವು.

“ಮೇಲೆ ವರ, ಅವನ ಮುಂದೆ ಒಂದು ಮಗು, ಸುತ್ತ ಡೋಲು, ಪಟಾಕಿ. ಬೆದರಿ ಓಡಿದರೆ ಹೊಣೆ ಯಾರು ಸಾಹೇಬರೇ? ನೀವು ಗದ್ದಲ ನಿಲ್ಲಿಸಿ, ನಾನು ಇದನ್ನು ಈಗಲೇ ಬಿಚ್ಚುತ್ತೇನೆ” ಎಂದ ಕುದುರೆಯವನು.

ನಮ್ಮಲ್ಲಿ ಇಬ್ಬರು ಪಟಾಕಿ ಹಚ್ಚುವ ಹುಡುಗರ ಬಳಿಗೆ ಹೋದರು. ಡೋಲಿನವರ ಬಳಿಗೆ ಯಾರೂ ಹೋಗಲಿಲ್ಲ.