ಖಾಜನ್ ಗದ್ದೆಯ ಕೊರ್ಗುಟ್ ಭತ್ತ

ಗೋವೆಯ ಮಾಂಡವಿ, ಜುವಾರಿ ನದಿಗಳ ಅಳಿವೆಯಲ್ಲಿ ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿರುವ ಗದ್ದೆಗಳಿಗೆ ಖಾಜನ್ ಎಂದು ಹೆಸರು. ಅಘನಾಶಿನಿ ದಂಡೆಯ ಗಜನಿ ಗದ್ದೆಗಳೂ ಇದೇ ಬಗೆಯವು. ಅಲ್ಲಿ ಕಗ್ಗ ಭತ್ತ ಬೆಳೆದಂತೆ ಇಲ್ಲಿ ಕೊರ್ಗುಟ್ ಬೆಳೆಯುತ್ತದೆ. ಮಣ್ಣಿನ ಒಡ್ಡುಗಳು ಉಪ್ಪುನೀರನ್ನು ತಡೆಯುತ್ತವೆ. ಒಡ್ಡಿನ ನಡುವೆ ಮಾನಸ್ ಎಂಬ ತೂಬು. ಉಬ್ಬರ ಏರಿದಾಗ ಹೊರಗಿನ ನೀರಿನ ಒತ್ತಡಕ್ಕೆ ಅದರ ಮರದ ಕದ ತಾನಾಗಿ ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ಗದ್ದೆಯ ನೀರು ಒಳಗಿನಿಂದ ನೂಕಿದಾಗ ತೆರೆದುಕೊಳ್ಳುತ್ತದೆ. ಇದನ್ನೆಲ್ಲ ನೋಡಿಕೊಂಡದ್ದು ಊರಿನ ಗಾಂವ್‌ಕಾರಿ ವ್ಯವಸ್ಥೆ. ಅದರ ಕಟ್ಟುಕಟ್ಟಳೆಗಳನ್ನು ಪೋರ್ಚುಗೀಸರು 1526ರಲ್ಲಿ ಬರಹಕ್ಕಿಳಿಸಿದರು.

ಮುಂಗಾರಿನ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಬಿತ್ತನೆ. ಆದರೆ ಉಪ್ಪು ಪೂರ್ತಿ ಹೋಗುವುದಿಲ್ಲ, ಮಳೆ ಕೈಕೊಟ್ಟರೆ ಮತ್ತೆ ಮೇಲೇರುತ್ತದೆ. ಭತ್ತ ಉಪ್ಪಿಗೆ ಹೆಚ್ಚು ಸೋಲುವುದು ಸಸಿಯಾಗಿದ್ದಾಗ ಮತ್ತು ಹೂವಾಡುವಾಗ. ಹೂವಾಡುವಾಗ ಉಪ್ಪು ತಗುಲಿದರೆ ತೆನೆ ಜೊಳ್ಳಾಗುತ್ತದೆ. ಇಂಥ ನೆಲದಲ್ಲೂ ಕಾಳು ಕಟ್ಟಿದ ಗಿಡಗಳ ಬೀಜವನ್ನೇ ತಲೆಮಾರುಗಟ್ಟಲೆ ಎತ್ತಿಟ್ಟು ರೈತರು ಕೊರ್ಗುಟ್, ಆಸ್ಗೊ ಮುಂತಾದ ತಳಿಗಳನ್ನು ಉಳಿಸಿದರು. ಇದು ತಳಿ ಆಯ್ಕೆಯಲ್ಲದೆ ಬೇರೇನಲ್ಲ. ಕೊರ್ಗುಟ್ ಎತ್ತರದ ಪೈರು, ಕಾಳಿಗೆ ಉದ್ದ ಮೀಸೆ, ಅಕ್ಕಿ ಕೆಂಪು. ಇಳುವರಿ ಕಡಿಮೆ, ಗಾಳಿಮಳೆಗೆ ಬೇಗ ಒರಗುತ್ತದೆ. ಕೊಯ್ಲಾದ ಬಳಿಕ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ.

1961ರ ವಿಮೋಚನೆಯ ನಂತರ ಎರಡು ಬದಲಾವಣೆಗಳು ಬಂದವು. 1964ರ ಗೇಣಿ ಕಾಯ್ದೆಯೊಂದಿಗೆ ಒಡ್ಡಿನ ಹೊಣೆ ಕ್ರಮೇಣ ಗೇಣಿದಾರರ ಸಂಘಗಳಿಗೆ ಬಂತು. ಅನೇಕ ಕಡೆ ದುರಸ್ತಿ ಹಿಂದೆ ಬಿದ್ದು, ಒಡ್ಡು ಒಡೆದು ಗದ್ದೆಗೆ ಉಪ್ಪು ನುಗ್ಗಿತು. ಇತ್ತ ಜಯಾ, ಜ್ಯೋತಿಯಂಥ ಅಧಿಕ ಇಳುವರಿ ತಳಿಗಳು ಹರಡಿದವು. ಸಿಹಿನೀರಿನ ಗದ್ದೆಯಲ್ಲಿ ಅವು ಕೊರ್ಗುಟ್‌ಗಿಂತ ಎಷ್ಟೋ ಮುಂದಿದ್ದವು, ಉಪ್ಪಿನ ಮುಂದೆ ಮಾತ್ರ ನಿಲ್ಲಲಿಲ್ಲ. ಹಳೆಯ ಬೀಜ ಕಣಜದಿಂದ ಮಾಯವಾಗತೊಡಗಿದ್ದು ಅದು ಅತಿ ಹೆಚ್ಚು ಬೇಕಾಗಿದ್ದ ಹೊತ್ತಿನಲ್ಲೇ.

ಹಳೇ ಗೋವೆಯಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಕೇಂದ್ರ ಆರಂಭವಾದದ್ದು 1976ರಲ್ಲಿ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಅಧೀನದಲ್ಲಿ. 1989ರಲ್ಲಿ ಅದು ಸ್ವತಂತ್ರವಾಯಿತು. ಈಗ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಎನಿಸಿಕೊಂಡಿದೆ. ಅಲ್ಲಿನ ವಿಜ್ಞಾನಿಗಳು ಹೊರಗಿನ ತಳಿ ತರುವ ಬದಲು ಕೊರ್ಗುಟ್ಟನ್ನೇ ಕೈಗೆತ್ತಿಕೊಂಡದ್ದು ಸರಿಯಾದ ನಿರ್ಧಾರ. ರೈತರ ಕೊರ್ಗುಟ್ ನೋಡಲು ಒಂದೇ, ಒಳಗೆ ಹಲವು ಬಗೆಗಳ ಮಿಶ್ರಣ. ಡೆನ್ಮಾರ್ಕಿನ ಸಸ್ಯವಿಜ್ಞಾನಿ ಯೋಹಾನ್ಸನ್ 1903ರಲ್ಲಿ ಹುರುಳಿಕಾಯಿ ಬೀಜಗಳಲ್ಲಿ ತೋರಿಸಿದ ಶುದ್ಧ ಸಾಲಿನ ತತ್ತ್ವ ಇಲ್ಲಿ ಕೆಲಸಕ್ಕೆ ಬಂತು: ಒಂದೊಂದು ಗಿಡದ ಬೀಜವನ್ನು ಬೇರೆ ಬೇರೆ ಸಾಲಾಗಿ ಬಿತ್ತಿ, ಚೆನ್ನಾಗಿ ಬಂದ ಸಾಲನ್ನಷ್ಟೇ ಮುಂದುವರಿಸುವುದು. ಹೀಗೆ ದೊರೆತ ಕೆಎಸ್ 12, ಕೆಎಸ್ 17 ಎಂಬ ಸಾಲುಗಳು 2010ರ ದಶಕದ ಉತ್ತರಾರ್ಧದಲ್ಲಿ ಗೋವಾ ಧಾನ್ 1, ಗೋವಾ ಧಾನ್ 2 ಎಂಬ ಹೆಸರಿನಲ್ಲಿ ಬಿಡುಗಡೆಯಾದವು. ಗೋವಾ ಧಾನ್ 3 ಮತ್ತು 4 ಅವುಗಳ ಹಿಂದೆಯೇ ಬಂದವು.