ಮರ ಕಡಿಯುವ ಕೆಲಸ: ಸುರಕ್ಷತೆಯ ನಿಯಮಗಳು, ನ್ಯಾಯಸಮ್ಮತ ದಂಡ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳು ರಾಜ್ಯದ ವರ್ಜಿನಿಯಾ ತಂಬಾಕು ಬೇಸಾಯದ ಮುಖ್ಯ ನೆಲೆಗಳು. ಈ ತಂಬಾಕಿನ ಹಸಿ ಎಲೆಯನ್ನು ಬ್ಯಾರನ್‌ಗಳಲ್ಲಿ ಹಲವು ದಿನ ಹಗಲಿರುಳು ಬಿಸಿ ಕೊಟ್ಟು ಹದಗೊಳಿಸಿದ ಬಳಿಕವೇ ಅದು ಹರಾಜು ಮಾರುಕಟ್ಟೆಗೆ ಹೋಗಲು ಯೋಗ್ಯವಾಗುತ್ತದೆ. ಹಳೆಯ ಮಾದರಿಯ ಬ್ಯಾರನ್‌ನಲ್ಲಿ 1 ಕೆ.ಜಿ. ಹದಗೊಂಡ ಎಲೆಗೆ ಸುಮಾರು 4ರಿಂದ 5 ಕೆ.ಜಿ. ಸೌದೆ ಬೇಕಾಗುತ್ತದೆ. 1,500 ಕೆ.ಜಿ. ತಂಬಾಕು ತೆಗೆಯುವ ಒಂದು ಕುಟುಂಬಕ್ಕೆ ಒಂದು ಹಂಗಾಮಿನಲ್ಲಿ 6ರಿಂದ 7.5 ಟನ್ ಸೌದೆ ಬೇಕೆಂದು ಇದರಿಂದ ಲೆಕ್ಕ ಹಾಕಬಹುದು.

ಈ ಸೌದೆ ಮಳೆಗಾಲಕ್ಕೆ ಮುನ್ನವೇ ಒಣಗಿ ಬ್ಯಾರನ್ ಬಳಿ ಒಟ್ಟಾಗಿರಬೇಕು. ಆದುದರಿಂದ ಮರ ಕಡಿಯುವ ಕೆಲಸ ಬೇಸಿಗೆಯಲ್ಲಿ ಬಿರುಸು ಪಡೆಯುತ್ತದೆ. ಹೊಲದ ಬದುವಿನ ಮರ, ತೋಟದ ಅಂಚಿನ ಸಿಲ್ವರ್ ಓಕ್, ಹಳೆಯ ನೀಲಗಿರಿ ತೋಪು, ಮನೆಯ ಮೇಲೆ ಬಾಗಿದ ತೆಂಗು, ರಸ್ತೆ ಬದಿಯ ಒಣಮರ ಹೀಗೆ ಕೆಲಸ ಬಗೆಬಗೆಯದು. ಕಡಿಯುವವರು ಮಾತ್ರ ಬಹುಪಾಲು ಒಂದೇ ವರ್ಗದವರು: ಮೇಸ್ತ್ರಿಯ ಕೈಕೆಳಗೆ ನಾಲ್ಕೈದು ಜನರ ತಂಡವಾಗಿ ದುಡಿಯುವ ದಿನಗೂಲಿಗಳು.

ಮರ ಯಾರದು, ಯಾವ ಜಾತಿಯದು, ಅನುಮತಿ ಇದೆಯೇ ಎಂಬುದನ್ನು ಕೇಳಲು ಕಾನೂನಿದೆ, ಕಚೇರಿಯಿದೆ. ಮರದ ಕೆಳಗೆ ನಿಂತವನ ತಲೆಗೆ ಶಿರಸ್ತ್ರಾಣವಿದೆಯೇ, ಅವನು ಗಾಯಗೊಂಡರೆ ಹೊಣೆ ಯಾರದು ಎಂದು ಕೇಳುವವರು ವಿರಳ. ಈ ಎರಡೂ ಪ್ರಶ್ನೆಗಳಿಗೆ ಸಂಬಂಧಿಸಿದ ನಿಯಮಗಳನ್ನು ಓದುಗರ ಅನುಕೂಲಕ್ಕಾಗಿ ಇಲ್ಲಿ ಒಟ್ಟಿಗೆ ನೀಡಲಾಗಿದೆ.

ಅನುಮತಿ: ಯಾವ ಮರಕ್ಕೆ ಬೇಕು, ಯಾವುದಕ್ಕೆ ಬೇಡ

ಖಾಸಗಿ ಜಮೀನಿನ ಮರಗಳಿಗೆ ಸಂಬಂಧಿಸಿದ ಪ್ರಧಾನ ಕಾನೂನು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಇದರ 8ನೇ ಪ್ರಕರಣದಂತೆ ಮರ ಕಡಿಯಲಿಚ್ಛಿಸುವವರು ವೃಕ್ಷಾಧಿಕಾರಿಗೆ ಅರ್ಜಿ ಸಲ್ಲಿಸಿ ಅನುಮತಿ ಪಡೆಯಬೇಕು. ಗ್ರಾಮೀಣ ಭಾಗದವರು ಇದಕ್ಕಾಗಿ ತಮ್ಮ ವಲಯ ಅರಣ್ಯಾಧಿಕಾರಿ ಕಚೇರಿಯನ್ನು ಸಂಪರ್ಕಿಸಬಹುದು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಮೊದಲಾದ ಕೆಲವು ಜಾತಿಗಳಿಗೆ ಈ ಅನುಮತಿಯಿಂದ ವಿನಾಯಿತಿ ಇದೆ.

ಅಧಿಕಾರಿ ಅನುಮತಿ ನಿರಾಕರಿಸಬಾರದ ಸಂದರ್ಭಗಳನ್ನೂ ಕಾಯ್ದೆಯೇ ಹೇಳಿದೆ. ಸತ್ತ, ರೋಗಕ್ಕೆ ತುತ್ತಾದ ಅಥವಾ ಗಾಳಿಗೆ ಉರುಳಿದ ಮರ, ಜೀವಕ್ಕೆ ಇಲ್ಲವೆ ಆಸ್ತಿಗೆ ಅಪಾಯ ತರುವ ಮರ, ಸಂಚಾರಕ್ಕೆ ಅಡ್ಡಿಯಾದ ಮರ, ಸಿಡಿಲು ಅಥವಾ ಬೆಂಕಿಯಿಂದ ಹಾಳಾದ ಮರ ಇವು ಅಂಥವು. ಗ್ರಾಮೀಣ ಪ್ರದೇಶದಲ್ಲಿ ಸ್ವಂತ ಬಳಕೆಯ ಸೌದೆ, ಮೇವು ಮತ್ತು ಬೇಸಾಯದ ಉಪಕರಣಗಳಿಗಾಗಿ ಬೇಕಾದ ಮರವೂ ಈ ಪಟ್ಟಿಯಲ್ಲಿದೆ. ಮನೆ ಬಳಕೆಗೂ ಮಾರಾಟಕ್ಕೂ ಇರುವ ಅಂತರವನ್ನು ಶಾಸನವೇ ಒಪ್ಪಿಕೊಂಡಿದೆ ಎಂಬುದು ಇಲ್ಲಿ ಗಮನಾರ್ಹ. ಕಡಿದ ಮರಕ್ಕೆ ಬದಲಾಗಿ ಗಿಡ ನೆಡಬೇಕೆಂಬ ಷರತ್ತನ್ನೂ ಅನುಮತಿ ಹೊಂದಿರುತ್ತದೆ.

ಕಡಿಯಲು ಅನುಮತಿ ದೊರೆತ ಮಾತ್ರಕ್ಕೆ ಸಾಗಿಸಲು ಅನುಮತಿ ದೊರೆತಂತೆ ಅಲ್ಲ. ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟು ಉಳಿದ ಮರವನ್ನು ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕು. ಶ್ರೀಗಂಧದ ಮರದ ಮಾಲೀಕತ್ವ 2001ರ ತಿದ್ದುಪಡಿಯ ನಂತರ ಬೆಳೆದವರಿಗೇ ಸೇರಿದರೂ ಅದರ ಕಟಾವು, ಸಾಗಣೆ ಮತ್ತು ಮಾರಾಟ ಇಂದಿಗೂ ಕಟ್ಟುನಿಟ್ಟಿನ ನಿಯಮಗಳಿಗೆ ಒಳಪಟ್ಟಿವೆ.

ಹುಣಸೂರು, ಪಿರಿಯಾಪಟ್ಟಣ ಮತ್ತು ಎಚ್.ಡಿ. ಕೋಟೆಯ ಅಂಚಿನಲ್ಲಿರುವ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಮಾತೇ ಬೇರೆ. ಅಲ್ಲಿನ ಮರಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಜೊತೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅನ್ವಯವಾಗುತ್ತದೆ.

ಕೊಡಲಿ ಇಡುವ ಮೊದಲು

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅರಣ್ಯ ಕೆಲಸದ ಸುರಕ್ಷತೆ ಕುರಿತು 1998ರಲ್ಲಿ ಆಚರಣಾ ಸಂಹಿತೆಯೊಂದನ್ನು ಪ್ರಕಟಿಸಿತು. ಮರ ಕಡಿಯುವ ಕೆಲಸವನ್ನು ಅತ್ಯಂತ ಅಪಾಯಕಾರಿ ದುಡಿಮೆಗಳ ಸಾಲಿಗೆ ಸೇರಿಸುವುದರಲ್ಲಿ ಎಲ್ಲ ದೇಶಗಳ ಅನುಭವವೂ ಒಂದೇ. ಅನುಭವಿಗಳು ಪಾಲಿಸುವ ಮುಖ್ಯ ನಿಯಮಗಳು ಹೀಗಿವೆ:

1. ಮರವನ್ನು ಸುತ್ತಲಿಂದಲೂ ನೋಡಬೇಕು. ಅದು ಯಾವ ಕಡೆಗೆ ವಾಲಿದೆ, ಕೊಂಬೆಗಳ ಭಾರ ಎತ್ತ ಇದೆ, ಬುಡ ಟೊಳ್ಳಾಗಿದೆಯೇ, ಒಣಕೊಂಬೆ ತೂಗುತ್ತಿದೆಯೇ, ಹೆಜ್ಜೇನು ಕಟ್ಟಿದೆಯೇ ಎಂಬುದನ್ನು ತಿಳಿದ ಮೇಲೆಯೇ ಕೆಲಸ ಆರಂಭಿಸಬೇಕು.

2. ಮರದ ಎತ್ತರದ ಎರಡು ಪಟ್ಟು ದೂರದೊಳಗೆ ಕಡಿಯುವವರನ್ನು ಬಿಟ್ಟು ಬೇರೆ ಯಾರೂ ಇರಕೂಡದು. 15 ಮೀಟರ್ ಎತ್ತರದ ಮರಕ್ಕೆ 30 ಮೀಟರ್ ತೆರವು ಬೇಕು. ರಸ್ತೆ ಬದಿಯಲ್ಲಾದರೆ ಎರಡೂ ಕಡೆ ಕಾವಲು ನಿಲ್ಲಿಸಬೇಕು.

3. ತಪ್ಪಿಸಿಕೊಳ್ಳುವ ದಾರಿಯನ್ನು ಮೊದಲೇ ಸವರಿ ಇಟ್ಟುಕೊಳ್ಳಬೇಕು. ಅದು ಮರ ಬೀಳುವ ದಿಕ್ಕಿಗೆ ವಿರುದ್ಧವಾಗಿ, ಓರೆಯಾಗಿ ಹಿಂದಕ್ಕೆ ಹೋಗುವಂತಿರಬೇಕು. ನೇರ ಹಿಂದೆ ನಿಂತರೆ ಬುಡ ಚಿಮ್ಮಿ ಎದೆಗೆ ಬಡಿಯುವ ಸಂಭವವಿದೆ.

4. ಬೀಳಬೇಕಾದ ಕಡೆ ಬುಡದಲ್ಲಿ ಮೊದಲು ಕಚ್ಚು ತೆಗೆಯಬೇಕು. ಅದರ ಆಳ ಕಾಂಡದ ವ್ಯಾಸದ ಸುಮಾರು ಕಾಲು ಭಾಗವಿದ್ದರೆ ಸಾಕು. ಆನಂತರ ಎದುರು ಬದಿಯಿಂದ ತುಸು ಮೇಲೆ ಕೊಯ್ಯಬೇಕು. ನಡುವೆ ವ್ಯಾಸದ ಹತ್ತನೇ ಒಂದು ಭಾಗದಷ್ಟು ಪಟ್ಟಿಯನ್ನು ಕೊಯ್ಯದೆ ಉಳಿಸಬೇಕು. ಮರವನ್ನು ಬೇಕಾದ ಕಡೆಗೆ ಬಾಗಿಸುವುದು ಈ ಪಟ್ಟಿಯೇ. ಅದನ್ನೂ ಕೊಯ್ದರೆ ಮರ ಎತ್ತ ಬೀಳುವುದೆಂದು ಹೇಳಲಾಗದು.

5. ಮತ್ತೊಂದು ಮರಕ್ಕೆ ಸಿಕ್ಕಿ ನಿಂತ ಮರದ ಕೆಳಗೆ ಹೋಗಬಾರದು, ಅದನ್ನು ಹತ್ತಬಾರದು, ಆಧಾರವಾಗಿ ನಿಂತ ಮರವನ್ನು ಕಡಿಯಬಾರದು. ದೂರದಿಂದ ಹಗ್ಗ ಕಟ್ಟಿ ಎಳೆದು ಬೀಳಿಸಬೇಕು.

6. ಯಂತ್ರದ ಗರಗಸವನ್ನು ಎರಡೂ ಕೈಗಳಿಂದ ಹಿಡಿಯಬೇಕು, ಭುಜಕ್ಕಿಂತ ಮೇಲೆ ಎತ್ತಿ ಬಳಸಬಾರದು. ಅಲಗಿನ ತುದಿ ಮರಕ್ಕೆ ತಾಗಿದರೆ ಗರಗಸ ಕ್ಷಣಾರ್ಧದಲ್ಲಿ ಮುಖದ ಕಡೆಗೆ ಚಿಮ್ಮುತ್ತದೆ.

7. ಶಿರಸ್ತ್ರಾಣ, ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ, ಗಟ್ಟಿ ಬೂಟು ಮತ್ತು ಯಂತ್ರ ಬಳಸುವವರಿಗೆ ಕಾಲಿನ ರಕ್ಷಾಕವಚ ಇರಲೇಬೇಕು. ಮರ ಹತ್ತುವವರು ಸೊಂಟದ ಪಟ್ಟಿಯನ್ನು ಗಟ್ಟಿ ಕೊಂಬೆಗೆ ಬಿಗಿದುಕೊಳ್ಳಬೇಕು.

8. ವಿದ್ಯುತ್ ತಂತಿ ಸಮೀಪವಿದ್ದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ (ಸೆಸ್ಕ್) ಸ್ಥಳೀಯ ಕಚೇರಿಗೆ ತಿಳಿಸಿ, ಮಾರ್ಗದ ಸಂಪರ್ಕ ಕಡಿತಗೊಂಡಿದೆ ಎಂಬುದನ್ನು ಖಚಿತಪಡಿಸಿಕೊಂಡ ಮೇಲೆಯೇ ಕೊಂಬೆಗೆ ಕೈ ಹಾಕಬೇಕು. ಸಹಾಯವಾಣಿ ಸಂಖ್ಯೆ 1912.

9. ಒಬ್ಬನೇ ಕೆಲಸ ಮಾಡಕೂಡದು. ಗಾಳಿ, ಮಳೆ, ಗುಡುಗು ಕಂಡೊಡನೆ ನಿಲ್ಲಿಸಬೇಕು. ಕಾಡಂಚಿನ ಗ್ರಾಮಗಳಲ್ಲಿ ಮುಂಜಾನೆ ಮತ್ತು ಮುಸ್ಸಂಜೆ ಆನೆಗಳ ಓಡಾಟದ ಹೊತ್ತು. ಯಂತ್ರದ ಸದ್ದಿನಲ್ಲಿ ಅವುಗಳ ಸುಳಿವು ತಿಳಿಯದು.

ಇವುಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಡ, ಸಮಯ ಬೇಕು. ಮರಕ್ಕಿಷ್ಟು ಅಥವಾ ಟನ್ನಿಗಿಷ್ಟು ಎಂದು ಕೂಲಿ ನಿಗದಿಯಾದಾಗ ಸುರಕ್ಷತೆಗೆ ಕಳೆದ ಹೊತ್ತು ಕಾರ್ಮಿಕನಿಗೆ ನಷ್ಟವಾಗಿಯೇ ಕಾಣುತ್ತದೆ. ದಿನಗೂಲಿಯ ಲೆಕ್ಕದಲ್ಲಿ ಕೆಲಸ ಒಪ್ಪಿಸುವುದು ಈ ಅವಸರವನ್ನು ತಗ್ಗಿಸುವ ಸುಲಭ ಉಪಾಯ.

ಅವಘಡವಾದರೆ ಹೊಣೆ ಯಾರದು?

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಔದ್ಯೋಗಿಕ ಸುರಕ್ಷತೆ ಕುರಿತ 2020ರ ಸಂಹಿತೆ ಸಾಮಾನ್ಯವಾಗಿ 10 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ನಾಲ್ಕೈದು ಜನರ ಮರ ಕಡಿಯುವ ತಂಡ ಇದರ ಹೊರಗೇ ಉಳಿಯುತ್ತದೆ.

ಪರಿಹಾರದ ವಿಷಯ ಹಾಗಲ್ಲ. 1923ರ ಕಾಯ್ದೆಯ ಕಾಲದಿಂದಲೂ ಮರ ಕಡಿಯುವ ಕೆಲಸವನ್ನು ಪರಿಹಾರಕ್ಕೆ ಅರ್ಹವಾದ ಉದ್ಯೋಗಗಳ ಅನುಸೂಚಿಯಲ್ಲಿ ಹೆಸರಿಸಲಾಗಿದೆ. ಆ ಕಾಯ್ದೆಯ ಸ್ಥಾನದಲ್ಲಿ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ ಇದೆ. ಕೆಲಸದ ವೇಳೆ ಸಾವು ಸಂಭವಿಸಿದರೆ ಮಾಸಿಕ ವೇತನದ ಶೇ 50ನ್ನು, ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಶೇ 60ನ್ನು ವಯಸ್ಸಿಗೆ ತಕ್ಕ ಅಂಕದಿಂದ ಗುಣಿಸಿ ಪರಿಹಾರ ನಿರ್ಧರಿಸುವುದು ಕ್ರಮ. ಹಳೆಯ ಕಾಯ್ದೆಯಡಿ 2020ರ ಜನವರಿಯಲ್ಲಿ ವೇತನದ ಮಿತಿಯನ್ನು 15,000 ರೂ.ಗೆ ಏರಿಸಲಾಗಿತ್ತು, 40 ವರ್ಷದವರಿಗೆ ಅಂಕ 184.17. ಆ ಲೆಕ್ಕದಲ್ಲಿ ತಿಂಗಳಿಗೆ 15,000 ರೂ. ದುಡಿಯುತ್ತಿದ್ದ 40 ವರ್ಷದ ಕಾರ್ಮಿಕ ಮೃತಪಟ್ಟರೆ ಕುಟುಂಬಕ್ಕೆ ಸಲ್ಲಬೇಕಾದ ಮೊತ್ತ 13,81,275 ರೂ. ಎಷ್ಟೋ ಕಡೆ ಅಂತ್ಯಕ್ರಿಯೆಯ ಖರ್ಚು ಕೊಟ್ಟು ಊರಿನ ಹಿರಿಯರ ಮುಂದೆ ರಾಜಿ ಮಾಡಿಸುವ ಮೊತ್ತಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಹಣ ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗೆ ಪಾವತಿಯಾಗದಿದ್ದರೆ ಬಡ್ಡಿ ಸೇರುತ್ತದೆ. ಸಕಾರಣವಿಲ್ಲದ ವಿಳಂಬಕ್ಕೆ ಪರಿಹಾರದ ಶೇ 50ರವರೆಗೆ ದಂಡ ವಿಧಿಸಲೂ ಅವಕಾಶವಿದೆ. ತನ್ನ ವ್ಯಾಪಾರ, ವ್ಯವಹಾರದ ಕೆಲಸವನ್ನು ಗುತ್ತಿಗೆದಾರನ ಮೂಲಕ ಮಾಡಿಸಿದವನೂ ಪರಿಹಾರಕ್ಕೆ ಬಾಧ್ಯನು. 'ಮೇಸ್ತ್ರಿಗೆ ಒಪ್ಪಿಸಿದ್ದೆ' ಎಂಬ ಉತ್ತರದಿಂದ ಮರದ ವ್ಯಾಪಾರಿ ನುಣುಚಿಕೊಳ್ಳಲಾಗದು. ಕಾರ್ಮಿಕ ಮದ್ಯ ಸೇವಿಸಿದ್ದ ಅಥವಾ ಸುರಕ್ಷತೆಯ ಆದೇಶವನ್ನು ಬೇಕೆಂದೇ ಮೀರಿದ್ದ ಎಂಬ ವಾದವೂ ಸಾವು ಮತ್ತು ಶಾಶ್ವತ ಪೂರ್ಣ ಅಂಗವೈಕಲ್ಯದ ಪ್ರಕರಣಗಳಲ್ಲಿ ನಿಲ್ಲುವುದಿಲ್ಲ.

ನಿರ್ಲಕ್ಷ್ಯದಿಂದ ಸಾವು ಸಂಭವಿಸಿದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ 5 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಹಿಂದಿನ ದಂಡ ಸಂಹಿತೆಯಲ್ಲಿ ಈ ಅವಧಿ 2 ವರ್ಷವಾಗಿತ್ತು.

ದಂಡ: ಸಾವಿರದಿಂದ ಲಕ್ಷದವರೆಗೆ

ಇನ್ನು ಮರದ ಕಡೆಯ ದಂಡವನ್ನು ನೋಡೋಣ. ಅನುಮತಿಯಿಲ್ಲದೆ ಮರ ಕಡಿದವರಿಗೆ 1976ರ ಮೂಲ ಕಾಯ್ದೆ ನಿಗದಿಪಡಿಸಿದ ಶಿಕ್ಷೆ 3 ತಿಂಗಳವರೆಗೆ ಸೆರೆವಾಸ, ಅಥವಾ 1,000 ರೂ.ವರೆಗೆ ದಂಡ, ಅಥವಾ ಎರಡೂ. 1976ರಲ್ಲಿ ಸಾವಿರ ರೂಪಾಯಿ ಭಾರವಾದ ಮೊತ್ತವಾಗಿತ್ತು. ಇಂದು ಅದು ಒಂದು ದೊಡ್ಡ ಬೀಟೆ ಮರದ ಬೆಲೆಯ ಮುಂದೆ ಲೆಕ್ಕಕ್ಕೆ ಬಾರದು. ದಿನಗೂಲಿಯವನಿಗೆ ಮಾತ್ರ ಇಂದಿಗೂ ಒಂದೆರಡು ದಿನದ ಅನ್ನ.

ರಾಷ್ಟ್ರೀಯ ಉದ್ಯಾನದೊಳಗಾದರೆ ತೂಕ ಬದಲಾಗುತ್ತದೆ. ವನ್ಯಜೀವಿ ಕಾಯ್ದೆಯ ಸಾಮಾನ್ಯ ದಂಡವನ್ನು 2022ರ ತಿದ್ದುಪಡಿ 25,000 ರೂ.ನಿಂದ 1 ಲಕ್ಷ ರೂ.ಗೆ ಏರಿಸಿತು; ಸೆರೆವಾಸ 3 ವರ್ಷದವರೆಗೆ ಇರಬಹುದು. ಅರಣ್ಯ ಕಾಯ್ದೆಯಡಿ ಅರಣ್ಯ ಉತ್ಪನ್ನದೊಂದಿಗೆ ವಾಹನ ಮತ್ತು ಉಪಕರಣಗಳನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದು. ತನಗೆ ತಿಳಿಯದೆ ವಾಹನ ಬಳಕೆಯಾಗಿದೆ, ತಾನು ಎಚ್ಚರಿಕೆ ವಹಿಸಿದ್ದೆ ಎಂದು ಸಾಬೀತುಪಡಿಸಲು ಮಾಲೀಕನಿಗೆ ಅವಕಾಶವುಂಟು. ಆದೇಶದ ವಿರುದ್ಧ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿಯೂ ಉಂಟು.

ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಇನ್ನೊಂದು ಅಳತೆಗೋಲನ್ನು ಮುಂದಿಟ್ಟಿತು. ಉತ್ತರ ಪ್ರದೇಶದ ತಾಜ್ ಸಂರಕ್ಷಿತ ವಲಯದಲ್ಲಿ ಅನುಮತಿಯಿಲ್ಲದೆ 454 ಮರಗಳನ್ನು ಉರುಳಿಸಿದ ಪ್ರಕರಣದಲ್ಲಿ ಮರವೊಂದಕ್ಕೆ 1 ಲಕ್ಷ ರೂ. ದಂಡ ಕಟ್ಟುವಂತೆ ಅದು ಭೂಮಾಲೀಕನಿಗೆ ಆದೇಶಿಸಿತು. ದಂಡ ಬಿದ್ದದ್ದು ಕೊಡಲಿ ಹಿಡಿದವರ ಮೇಲಲ್ಲ, ಕಡಿಸಿದವನ ಮೇಲೆ ಎಂಬುದನ್ನು ಗಮನಿಸಬೇಕು.

ನ್ಯಾಯಸಮ್ಮತ ದಂಡವೆಂದರೆ

ಒಂದೇ ಮರದ ಹಿಂದೆ ಹಲವರಿರುತ್ತಾರೆ: ಮಾರಿದ ಜಮೀನುದಾರ, ಕೊಂಡ ವ್ಯಾಪಾರಿ, ತಂಡ ಕಟ್ಟಿದ ಮೇಸ್ತ್ರಿ, ಕಡಿದ ಕೂಲಿಯಾಳು, ಸಾಗಿಸಿದ ಚಾಲಕ. ಅರಣ್ಯ ಸಿಬ್ಬಂದಿ ಸ್ಥಳಕ್ಕೆ ಬಂದಾಗ ಕೈಗೆ ಸಿಗುವವರು ಕೊನೆಯ ಇಬ್ಬರು. ಅನುಮತಿ ಪತ್ರವನ್ನು ಓದಿ ಪರಿಶೀಲಿಸುವ ಸ್ಥಿತಿಯಲ್ಲಿ ಅವರು ಇರುವುದಿಲ್ಲ. ಮರದಿಂದ ಬಂದ ಲಾಭವೂ ಅವರ ಕೈ ಸೇರಿರುವುದಿಲ್ಲ. ಆದರೂ ಬಂಧನ, ಜಾಮೀನು ಮತ್ತು ನ್ಯಾಯಾಲಯದ ಅಲೆದಾಟ ಮೊದಲು ಅವರ ಪಾಲಿಗೇ ಬರುತ್ತವೆ.

ದಂಡ ನ್ಯಾಯಸಮ್ಮತವೆನಿಸಲು ಮೂರು ಅಂಶಗಳು ಅಗತ್ಯ. ಮೊದಲನೆಯದು, ದಂಡ ಮರದ ಮೌಲ್ಯಕ್ಕೆ ಅನುಗುಣವಾಗಿರಬೇಕು. ಅಪರಾಧ ಲಾಭದಾಯಕವಾಗಿ ಉಳಿಯಬಾರದು. ಎರಡನೆಯದು, ಲಾಭ ಪಡೆದವನ ಮೇಲೆ ಹೆಚ್ಚಿನ ಭಾರ ಬೀಳಬೇಕು. ಮೂರನೆಯದು, ಒಲೆಗೆಂದು ಒಣಸೌದೆ ಆಯ್ದವರನ್ನೂ ಬೀಟೆ ಕಳ್ಳಸಾಗಣೆದಾರರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಎಚ್.ಡಿ. ಕೋಟೆ ಮತ್ತು ಹುಣಸೂರಿನ ಹಾಡಿಗಳಲ್ಲಿ ವಾಸಿಸುವ ಜೇನುಕುರುಬ, ಬೆಟ್ಟಕುರುಬ ಮೊದಲಾದ ಸಮುದಾಯಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಹಕ್ಕು ನೀಡಿದೆ. ಶಾಲೆ, ಅಂಗನವಾಡಿ, ರಸ್ತೆಯಂತಹ 13 ಬಗೆಯ ಸೌಕರ್ಯಗಳಿಗೆ ಗ್ರಾಮಸಭೆಯ ಶಿಫಾರಸಿನ ಮೇಲೆ ಹೆಕ್ಟೇರಿಗೆ 75 ಮೀರದಂತೆ ಮರ ತೆಗೆಯಲೂ ಅದು ಅವಕಾಶವಿತ್ತಿದೆ. ಪ್ರಕರಣ ದಾಖಲಿಸುವ ಮೊದಲು ಈ ಹಕ್ಕುಗಳನ್ನು ಪರಿಶೀಲಿಸುವುದು ಅಧಿಕಾರಿಗಳ ಕರ್ತವ್ಯ.

ಕೆಲಸ ಮಾಡಿಸುವವರು ಗಮನಿಸಬೇಕಾದದ್ದು

ಮೈಸೂರಿನಲ್ಲೋ ಬೆಂಗಳೂರಿನಲ್ಲೋ ನೆಲೆಸಿ, ಊರಿನ ಜಮೀನಿನ ಮರವನ್ನು ದೂರವಾಣಿಯಲ್ಲೇ ಮಾರುವವರು ಇಂದು ಅನೇಕರಿದ್ದಾರೆ. ಅಂಥವರು ಅನುಮತಿ ಪತ್ರದ ಪ್ರತಿಯನ್ನು ಕಾರ್ಮಿಕರ ಬಳಿಯೂ ಇರಿಸಬೇಕು. ಪರಿಹಾರದ ಹೊಣೆ, ರಕ್ಷಣಾ ಸಾಧನ ಮತ್ತು ಕೂಲಿಯ ಬಗೆ ಈ ಮೂರನ್ನೂ ವ್ಯಾಪಾರಿಯೊಂದಿಗಿನ ಒಪ್ಪಂದದಲ್ಲಿ ಬರೆಸಬೇಕು. ತಂಡದ ಪ್ರತಿಯೊಬ್ಬರೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಇರುವರೇ ಎಂದು ವಿಚಾರಿಸಬೇಕು. ಬ್ಯಾಂಕ್ ಖಾತೆಯಿರುವ 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂ. ಕಂತಿನಲ್ಲಿ, ಅಪಘಾತದಿಂದ ಸಾವು ಸಂಭವಿಸಿದರೆ 2 ಲಕ್ಷ ರೂ. ವಿಮೆ ಇದರಲ್ಲಿ ದೊರೆಯುತ್ತದೆ. ಇದು ಮೇಲೆ ಹೇಳಿದ ಪರಿಹಾರಕ್ಕೆ ಹೆಚ್ಚುವರಿಯೇ ಹೊರತು ಬದಲಿಯಲ್ಲ.

ಗಾಯಗೊಂಡ ಕಾರ್ಮಿಕರು ಮತ್ತು ಮೃತರ ಕುಟುಂಬದವರು ಆಸ್ಪತ್ರೆಯ ದಾಖಲೆ, ಪೊಲೀಸ್ ದೂರಿನ ಪ್ರತಿ, ಕೂಲಿ ಪಾವತಿಯ ಯಾವುದೇ ಗುರುತನ್ನು ಜೋಪಾನವಾಗಿಟ್ಟು ಕಾರ್ಮಿಕ ಇಲಾಖೆಯನ್ನು ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಹಿಳೆಯರು ಹಾಗೂ ಕಡಿಮೆ ಆದಾಯದವರಿಗೆ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ. ಕಾನೂನು ನೆರವಿನ ಸಹಾಯವಾಣಿ ಸಂಖ್ಯೆ 15100. ಪರಿಹಾರದ ಮೊತ್ತ ಎಷ್ಟೆಂದು ತಿಳಿಯುವ ಮೊದಲು ಯಾವುದೇ ರಾಜಿ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದು.