ಸೋರೆಬುರುಡೆಯಿಂದ ರಬ್ಬರು ಟ್ಯೂಬಿಗೆ

ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ್ದು ಮಲಪ್ರಭೆಯ ದಡದಲ್ಲಿ. ಬೇಸಗೆಯಲ್ಲಿ ಸೊರಗಿ, ಮಳೆಗಾಲದಲ್ಲಿ ಎರಡು ದಡವನ್ನೂ ನುಂಗುವ ಹೊಳೆ ಅದು. 2019ರ ಆಗಸ್ಟಿನಲ್ಲಿ ಅದರ ನೆರೆ ಪಟ್ಟದಕಲ್ಲಿನ ಗುಡಿಗಳಿಗೂ ನುಗ್ಗಿತ್ತು. ಇಂಥ ಹೊಳೆಯನ್ನು ನಮ್ಮ ಹಿರಿಯರು ದಾಟುತ್ತಿದ್ದ ಬಗೆಯೂ ಚರಿತ್ರೆಯ ಒಂದು ಭಾಗವೇ ಸರಿ.

ಎಲ್ಲಕ್ಕಿಂತ ಅಗ್ಗದ ಸಾಧನ ಒಣಗಿದ ಸೋರೆಬುರುಡೆ. ಬಲಿತ ಕಾಯಿಯ ತಿರುಳು ಒಣಗಿದರೆ ಒಳಗೆ ಉಳಿಯುವುದು ಗಾಳಿ. ಒಂದು ಲೀಟರು ನೀರನ್ನು ಸರಿಸುವ ಬುರುಡೆ, ತನ್ನ ತೂಕ ಕಳೆದು, ಹೆಚ್ಚುಕಡಿಮೆ ಒಂದು ಕಿಲೋ ಭಾರವನ್ನು ಎತ್ತಿಹಿಡಿಯುತ್ತದೆ. ಮನುಷ್ಯನ ಮೈ ನೀರಿನಲ್ಲಿ ಬಹುಮಟ್ಟಿಗೆ ತಾನಾಗಿಯೇ ತೇಲುವುದರಿಂದ ಮೂಗನ್ನು ಮೇಲಿಡಲು ನಾಲ್ಕಾರು ಕಿಲೋ ಆಸರೆ ಸಾಕು. 2014ರಲ್ಲಿ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯಿಂದ ತುಂಬು ಗರ್ಭಿಣಿಯೊಬ್ಬಳು ಇಂಥ ಬುರುಡೆಗಳನ್ನು ಕಟ್ಟಿಕೊಂಡು, ಉಕ್ಕಿದ ಕೃಷ್ಣೆಯನ್ನು ಈಜಿ ದಾಟಿದಳು. ಆಟಕ್ಕಲ್ಲ, ಆಸ್ಪತ್ರೆ ಆಚೆ ದಡದಲ್ಲಿತ್ತು!

ಗಾಳಿಯನ್ನು ಊದಿ ತುಂಬುವ ಉಪಾಯವೂ ಹಳೆಯದೇ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಸ್ಸೀರಿಯದ ಎರಡನೆಯ ಅಶುರ್ನಸಿರ್ಪಾಲನ ಅರಮನೆಯ ಶಿಲ್ಪಫಲಕಗಳಿವೆ. ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನದವು. ಅಲ್ಲಿ ಸೈನಿಕರು ಆಡಿನ ತೊಗಲುಚೀಲವನ್ನು ಊದುತ್ತಲೇ ಈಜುತ್ತಿದ್ದಾರೆ. ನಮ್ಮ ನಾಡಿನಲ್ಲಿ ಹೆಸರಾದದ್ದು ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅದನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು; ಹದಿನೈದಿಪ್ಪತ್ತು ಜನ ಹಿಡಿಸುವ ಬುಟ್ಟಿ; ನೇರ ಹೋಗಲಾರದೆ ಸದಾ ಸುತ್ತುತ್ತಿರುತ್ತದೆ ಎನ್ನುತ್ತಾನೆ. ಕುದುರೆ ಎತ್ತುಗಳು ಸಾಮಾನ್ಯವಾಗಿ ಈಜಿಯೇ ದಾಟುತ್ತಿದ್ದವಂತೆ.

ದಾಟಲು ಸಾಧನವಿಲ್ಲದವರ ಗತಿಯನ್ನೂ ಮಲಪ್ರಭೆ ಕಂಡಿದೆ. 1800ರ ಜುಲೈ 30ರಂದು ಮುನವಳ್ಳಿಯ ಬಳಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಧೋಂಡಿಯ ವಾಘನ ದಂಡಿನ ಮೇಲೆ ಬಿದ್ದಾಗ, ತುಂಬಿದ ಹೊಳೆಗೆ ಹಾರಿ ಅನೇಕರು ಮುಳುಗಿ ಸತ್ತರು. ಗೆದ್ದವನನ್ನೂ ಆ ಹೊಳೆ ಕಾಯಿಸಿತು. ಸೆಪ್ಟೆಂಬರಿನಲ್ಲಿ ಬಾದಾಮಿಯ ಕಡೆಯ ಜಾಲಿಹಾಳದ ಬಳಿ ಹೊಳೆ ದಾಟಿದ ಮೇಲೆಯೇ ಅವನು ಧೋಂಡಿಯನ ಬೆನ್ನುಹತ್ತಿ, 10ನೆಯ ತಾರೀಖು ಅವನನ್ನು ಕೊನೆಗಾಣಿಸಿದ್ದು.

1839ರಲ್ಲಿ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಬೇಯಿಸಿ ಹದಗೊಳಿಸಿದ. 1888ರಲ್ಲಿ ಡನ್‌ಲಪ್ ಗಾಳಿಯ ಚಕ್ರ ಮಾಡಿದ. ಆಮೇಲೆ ಲಾರಿಯ ಹಳೆಯ ಟ್ಯೂಬು ನಮ್ಮ ಬಾವಿಗಳಲ್ಲಿ ಬುರುಡೆಯ ಜಾಗಕ್ಕೆ ಬಂತು. ಈಗ ಮಲ್ಪೆ, ಮುರುಡೇಶ್ವರಗಳ ಕಡಲತೀರದಲ್ಲಿ ಅದರ ಮೊಮ್ಮಗನನ್ನು ಯಂತ್ರದೋಣಿ ಎಳೆಯುತ್ತದೆ. ರಜೆಯಲ್ಲಿ ಮಕ್ಕಳು ಹಟ ಹಿಡಿಯುವುದು ಇದಕ್ಕೇ.

ಹತ್ತುವ ಮುನ್ನ ಹಿರಿಯರು ಕೆಲವನ್ನು ನೋಡಿಕೊಳ್ಳಬೇಕು. ಬುರುಡೆಯನ್ನು ಮೈಗೆ ಕಟ್ಟಿಕೊಳ್ಳುತ್ತಿದ್ದರು. ಟ್ಯೂಬನ್ನು ಬರಿಗೈಯಲ್ಲಿ ಹಿಡಿಯುತ್ತೇವೆ, ತಿರುವಿನಲ್ಲಿ ಕೈ ಜಾರುತ್ತದೆ. ಆದ್ದರಿಂದ ಟ್ಯೂಬು ಎಷ್ಟೇ ದೊಡ್ಡದಿರಲಿ, ಅಳತೆಗೆ ಸರಿಯಾದ ಜೀವರಕ್ಷಕ ಅಂಗಿಯನ್ನು ಬಿಗಿದು ತೊಡಲೇಬೇಕು. ಮಗುವಿಗೆ ದೊಡ್ಡವರ ಅಂಗಿ ತೊಡಿಸಿದರೆ ಅದು ನೀರಿನಲ್ಲಿ ತಲೆಯ ಮೇಲಿಂದ ಕಳಚಿಹೋದೀತು. ಟ್ಯೂಬಿನ ಮೇಲೆ ಬರೆದ ಸಂಖ್ಯೆಗಿಂತ ಒಬ್ಬನೂ ಹೆಚ್ಚು ಕೂಡದು. ಅದು ಬಿಗಿಯಾಗಿ ಊದಿರಬೇಕು. ಮೆತ್ತಗಿದ್ದರೆ ನೀರಲ್ಲಿ ಹೂತು ಹಗ್ಗವನ್ನು ಜಗ್ಗುತ್ತದೆ. ಹಗ್ಗ ಐವತ್ತರಿಂದ ಅರುವತ್ತೈದು ಅಡಿ ಇರಲಿ, ಸವೆದಿರಬಾರದು, ಅದನ್ನು ಯಾರೂ ಮುಂಗೈಗೆ ಸುತ್ತಿಕೊಳ್ಳಬಾರದು. ದೋಣಿ ನಡೆಸುವವನ ಕಣ್ಣು ಮುಂದಿರುವುದರಿಂದ ಹಿಂದೆ ನೋಡಲು ಇನ್ನೊಬ್ಬ ಬೇಕೇಬೇಕು. ಆ ಎರಡನೆಯವನಿಲ್ಲದ ದೋಣಿಗೆ ಮಕ್ಕಳನ್ನು ಕಳುಹಿಸದಿರುವುದೇ ಲೇಸು. ಬಿದ್ದವನು ಕೈಯೆತ್ತಿದರೆ ದೋಣಿ ನಿಧಾನವಾಗಿ ಮರಳಿ ಬರಬೇಕು, ಅವನು ಸಮೀಪಿಸುವ ಮೊದಲೇ ಯಂತ್ರ ಪೂರ್ತಿ ನಿಂತಿರಬೇಕು.